ಹೆಸರು, ಅಪ್ಪನ ಹೆಸರು, ಊರು

ಬಿನ್ ಮಹಮೂದ್

ಕತಾರಿಗೆ ಹೊರಟವಳಿಗೆ ಊರಿನವರೆಲ್ಲ ಸೇರಿ ಬಿಸಿಲಿನ ಹೆದರಿಕೆ ಹುಟ್ಟಿಸಿದರು. ಚಳಿಯ ವಿಷಯ ಒಬ್ಬರೂ ಎತ್ತಲಿಲ್ಲ. ಆರು ತೆಳು ಹತ್ತಿ ಸೀರೆ, ಒಂದು ಕೊಡೆ, ತಂಪು ಶರಬತ್ತಿಗೆಂದು ಎರಡು ಪೊಟ್ಟಣ ಪುನರ್ಪುಳಿ ಸಿಪ್ಪೆ ಕಟ್ಟಿಕೊಂಡು ಹೋದೆ. ದೋಹಾದಲ್ಲಿ ಇಳಿದರೆ ವಿಮಾನ ನಿಲ್ದಾಣ ತಣ್ಣಗೆ, ಕಾರು ತಣ್ಣಗೆ, ಅಂಗಡಿ ತಣ್ಣಗೆ, ಲಿಫ್ಟೂ ತಣ್ಣಗೆ. ಎಲ್ಲ ಕಡೆ ಎ.ಸಿ. ಎರಡನೆಯ ದಿನಕ್ಕೇ ಮೂಗು ಸೋರಲು ಶುರುವಾಯಿತು. ಅಕ್ಕನ ಮಗಳು ಸುಮಾ ತನ್ನ ಗಂಡನ ಸ್ವೆಟರ್ ತಂದುಕೊಟ್ಟಳು. ಮರುಭೂಮಿಗೆ ಹೋಗಿ ಶೀತ ಹಿಡಿಸಿಕೊಂಡ ಖ್ಯಾತಿ ನನ್ನದು. ಕೊಡೆಯನ್ನು ಹತ್ತು ದಿನದಲ್ಲಿ ಒಮ್ಮೆಯೂ ಬಿಚ್ಚಲಿಲ್ಲ.

ಸುಮಾಳ ಮನೆ ಬಿನ್ ಮಹಮೂದ್ ಎಂಬ ಹಳೆಯ ಬಡಾವಣೆಯಲ್ಲಿದೆ. ನಾಲ್ಕೇ ಮಹಡಿಯ ಕಟ್ಟಡ. ಮೆಟ್ಟಿಲು ಹತ್ತುತ್ತ ಹೋದರೆ ಒಂದೊಂದು ಮಹಡಿಗೆ ಒಂದೊಂದು ಒಗ್ಗರಣೆ. ನಮ್ಮ ಕಡೆ ಜಗಲಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಿ ಮನೆಗೆ ಯಾರು ಬಂದರು ಎಂದು ಹೇಳುತ್ತೇವೆ. ಇಲ್ಲಿ ಬಾಗಿಲ ಹೊರಗಿನ ಚಪ್ಪಲಿ ನೋಡಿ ಹೇಳುತ್ತಾರೆ. ಎದುರು ಮನೆಯಲ್ಲಿ ಹನ್ನೊಂದು ಜೊತೆ ಇದ್ದವು, ಎಲ್ಲವೂ ಗಂಡಸರವು. "ಬ್ಯಾಚುಲರ್ಸ್ ಚಿಕ್ಕಮ್ಮ," ಎಂದಳು ಸುಮಾ. ಆ ಬ್ಯಾಚುಲರುಗಳಲ್ಲಿ ಎಂಟು ಮಂದಿಗೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆಂದು ಆಮೇಲೆ ತಿಳಿಯಿತು. ಹೆಂಡತಿ ಜೊತೆಗಿಲ್ಲದವರೆಲ್ಲ ಇಲ್ಲಿನ ಲೆಕ್ಕದಲ್ಲಿ ಬ್ಯಾಚುಲರೇ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಬರೆದು ಮುಗಿಯುತ್ತ ಬಂದಿದ್ದ ಒಂದು ಪುಸ್ತಕಕ್ಕೆ ಬಾಲ ಕಟ್ಟಲಿಕ್ಕೆ. ಮೂವತ್ತು ವರ್ಷ ಕಾರ್ಕಳದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನನ್ನ ಜೊತೆ ಗಣಿತ ಕಲಿಸುತ್ತಿದ್ದ ಗೆಳತಿಯ ಅಣ್ಣ ಸೇಸಪ್ಪಣ್ಣ. ಅವರ ಜೀವನವನ್ನು ನೀನೇ ಬರೆಯಬೇಕು ಎಂದು ಅವಳು ಗಂಟುಬಿದ್ದಳು. ಬರೆಯಲು ಯೋಗ್ಯವಾದ ಬದುಕೇ. ಇಪ್ಪತ್ತು ತುಂಬುವ ಮೊದಲು ಕತಾರಿಗೆ ಹೋದರು. ಸೌದಿಯ ಗಡಿಯ ಹತ್ತಿರ, ಕಾಗದಪತ್ರ ಆಗುವವರೆಗೆ ಲಾರಿಗಳು ಸಾಲಾಗಿ ನಿಲ್ಲುವ ಜಾಗದಲ್ಲಿ ಬಕಾಲಾ ನಡೆಸಿದರು. ಬಕಾಲಾ ಎಂದರೆ ನಮ್ಮ ಮೂಲೆಯಂಗಡಿಯಂಥದ್ದು. ಬ್ರೆಡ್ಡು, ಸಿಗರೇಟು, ಸಾಬೂನು, ನೀರು. ಆಮೇಲೆ ಕೆನಡಾಕ್ಕೆ ಹೋಗಿ ಉತ್ತರದ ತುದಿಯ ಒಂದು ಸಣ್ಣ ಊರಿನಲ್ಲಿ, ರಸ್ತೆ ಮುಗಿದು ಹಿಮ ಶುರುವಾಗುವಲ್ಲಿ, ಮತ್ತೊಂದು ಅಂಗಡಿ ಇಟ್ಟರು. ಅಂಚು ಬಿಟ್ಟು ನಡುವಿನಲ್ಲಿ ಬದುಕಲು ಬಾರದ ಮನುಷ್ಯ. ಅಲ್ಲಿನ ಜನ ಅವರನ್ನು ಮೊದಲು ಟೌನ್ ಕೌನ್ಸಿಲಿಗೆ ಆರಿಸಿದರು, ಆಮೇಲೆ ಮೂರು ಸಲ ಮೇಯರ್ ಮಾಡಿದರು.

ಹೇಗೆ ಗೆದ್ದಿರಿ ಎಂದು ಕೇಳಿದ್ದೆ. "ನಾನು ಭಾಷಣ ಮಾಡಿದ್ದೇ ಇಲ್ಲ ಟೀಚರೇ. ಅಂಗಡಿಗೆ ಬಂದವರ ಹತ್ತಿರ ಮೂರು ಪ್ರಶ್ನೆ ಕೇಳ್ತಿದ್ದೆ. ಹೆಸರು, ಅಪ್ಪನ ಹೆಸರು, ಊರು. ಎಂತ ಬೇಕು ಅಂತ ಆಮೇಲೆ," ಎಂದಿದ್ದರು. ಮರ ಕಡಿಯುವ ಕೆಲಸದ ಒಬ್ಬ ಮುದುಕ, ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳದೆ ನಲವತ್ತು ವರ್ಷವಾಯಿತು ಎಂದು ಕಣ್ಣೊರೆಸಿಕೊಂಡನಂತೆ. ಅವನ ಓಟು ಅಲ್ಲಿಯೇ ಬಿತ್ತು ಎಂದು ಸೇಸಪ್ಪಣ್ಣ ನಕ್ಕಿದ್ದರು.

ಸುಮಾರು ಒಂದು ವರ್ಷ, ಭಾನುವಾರ ಬೆಳಗ್ಗೆ ನಮ್ಮ ಮಾತು ನಡೆಯಿತು. ಅಲ್ಲಿ ಶನಿವಾರ ಸಂಜೆ. ಒಂದು ಫೋನನ್ನು ಸ್ಪೀಕರಿಗೆ ಹಾಕಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಒಟ್ಟು ಇಪ್ಪತ್ತಾರು ರೆಕಾರ್ಡಿಂಗ್. "ಬರೆಯುವ ಮೊದಲು ಆ ಗಡಿ ಒಮ್ಮೆ ನೋಡಿ ಬನ್ನಿ," ಎಂದು ಅವರು ನಾಲ್ಕೈದು ಸಲ ಹೇಳಿದ್ದರು. ನಾನು ಹೂಂ ಹೂಂ ಎನ್ನುತ್ತ ಕಾಲ ಕಳೆದೆ. ಕತಾರಿಗೆ ಹೊರಡುವ ಹೊತ್ತಿಗೆ ಸೇಸಪ್ಪಣ್ಣ ತೀರಿಕೊಂಡು ಆರು ತಿಂಗಳಾಗಿತ್ತು.

ಬಾಗಿಲಲ್ಲಿ

ಮೂರನೆಯ ದಿನ ಸುಮಾ ಹೇಳಿದಳು: "ಚಿಕ್ಕಮ್ಮ, ಗಡಿಯ ಕಡೆ ಅಂಗಡಿಯಲ್ಲಿದ್ದ ಹಳಬರು ಒಬ್ಬರು ಇದ್ದಾರಂತೆ. ಕೆಳಗೆ ಮಂಗಳೂರಿನವರ ಕ್ಲಿನಿಕ್ಕಿನಲ್ಲಿ ಕೇಳಿದೆ, ಕೂಡಲೇ ನಂಬರ್ ಕೊಟ್ರು. ಸಂಜೆ ಚಾಕ್ಕೆ ಬರ್ತಾರೆ, ಆಯ್ತಾ?"

ಬಂದವರಿಗೆ ಎಪ್ಪತ್ತು ದಾಟಿರಬೇಕು. ಕತ್ತರಿಸಿದ ಬಿಳಿ ಗಡ್ಡ, ಚೌಕುಳಿ ಅಂಗಿ, ಕೈಯಲ್ಲಿ ಖರ್ಜೂರದ ಡಬ್ಬಿ. ಇಲ್ಲಿಯವರ ರೂಢಿಯಂತೆ ಎದೆಗೆ ಕೈಯಿಟ್ಟು ನಮಸ್ಕಾರ ಮಾಡಿ, ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು.

"ನಿಮ್ಮ ಹೆಸರು?"

"ಶಾರದಾ."

"ಅಪ್ಪನ ಹೆಸರು?"

ನನಗೆ ನಗು ಬಂತು. ಸೇಸಪ್ಪಣ್ಣನ ಮೊದಲ ಫೋನೂ ಹೀಗೇ ಶುರುವಾಗಿತ್ತು. ಅಪ್ಪನ ಹೆಸರು ಹೇಳಿದೆ, ಊರು ಹೇಳಿದೆ. ಅವರು ತಲೆಯಾಡಿಸಿ ತಮ್ಮದನ್ನೂ ಹೇಳಿದರು: "ನಾನು ಹಮೀದ್. ಅಪ್ಪ ಅದ್ರಾಮ. ಊರು ಬಜ್ಪೆ ಹತ್ತಿರ. ಸೇಸಪ್ಪನ ಜೊತೆ ಹನ್ನೊಂದು ವರ್ಷ ಅಂಗಡಿಯಲ್ಲಿದ್ದವ."

ನನ್ನ ಕೈಯ ಚಹಾ ತಟ್ಟೆಗೆ ಚೆಲ್ಲಿತು. ತಟ್ಟೆಯಿಂದ ಸುಮಾಳ ಗಂಡನ ಸ್ವೆಟರಿಗೂ ಚೆಲ್ಲಿತು. ನನ್ನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಈ ಮನುಷ್ಯ ಇದ್ದರು. ಹೆಸರಿನ ಹಿಂದೆ 'ದಿವಂಗತ' ಎಂದು ನಾನೇ ಬರೆದಿದ್ದೆ.

ಇದು ಹೇಗಾಯಿತು ಎಂದು ಹೇಳಿಬಿಡುತ್ತೇನೆ. ಕೆನಡಾಕ್ಕೆ ಹೋದ ಕೆಲವು ವರ್ಷಗಳಲ್ಲಿ ಸೇಸಪ್ಪಣ್ಣನಿಗೆ ಹಮೀದಾಕನ (ನಮ್ಮ ಕಡೆ ಹಿರಿಯ ಬ್ಯಾರಿಗಳನ್ನು ಹೀಗೆ 'ಆಕ' ಸೇರಿಸಿ ಕರೆಯುತ್ತೇವೆ) ಸಂಪರ್ಕ ತಪ್ಪಿತ್ತು. "ಅವನನ್ನು ಹುಡುಕಿ ಕೊಡಿ ಟೀಚರೇ, ಅಂಗಡಿಯ ಕತೆ ಅರ್ಧ ಅವನ ಹತ್ತಿರ ಉಂಟು," ಎಂದು ನನಗೆ ಹೇಳಿದ್ದರು. ನಾನು ಹುಡುಕಿದ ಚಂದ ಕೇಳಿ. ಮಂಗಳೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಬಜ್ಪೆ ಕಡೆಯವರೆಂದು ಗೊತ್ತಾಯಿತು. ಪಾಯಸ ಬಡಿಸುವ ಗಡಿಬಿಡಿಯಲ್ಲಿ ಕೇಳಿದೆ. ನಮ್ಮ ಕರಾವಳಿಯಲ್ಲಿ ಕೊಲ್ಲಿಗೆ ಹೋದವರಿಗೆ ಮನೆತನದ ಹೆಸರು ಉದುರಿ ದೇಶದ ಹೆಸರು ಅಂಟಿಕೊಳ್ಳುತ್ತದೆ. ದುಬೈ ಮೋನು, ಮಸ್ಕತ್ ರಾಘು, ಕುವೈತ್ ಲಿಲ್ಲಿಬಾಯಿ. ನಾನೂ ಹಾಗೇ ಕೇಳಿದೆ: "ಕತಾರ್ ಹಮೀದ್ ಅಂತ ನಿಮ್ಮಲ್ಲಿ ಇದ್ದರಲ್ಲ?" ಅವರು ಪಾಯಸ ಹೀರುತ್ತಲೇ, "ಓ, ತೀರಿಹೋಗಿ ಮೂರು ವರ್ಷ ಆಯ್ತಲ್ಲ," ಎಂದರು. ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು. ಆ ಭಾನುವಾರ ಸೇಸಪ್ಪಣ್ಣನಿಗೂ ಅದನ್ನೇ ಹೇಳಿದೆ.

ದೋಹಾದಲ್ಲಿ ಸುಮಾ ಇದ್ದಳು. ಒಂದು ಫೋನ್ ಮಾಡಿದ್ದರೆ ಅವಳು ಇವತ್ತು ಮಾಡಿದ ಹಾಗೆ ಕೆಳಗಿಳಿದು ಕ್ಲಿನಿಕ್ಕಿನಲ್ಲಿ ವಿಚಾರಿಸುತ್ತಿದ್ದಳು. ಆ ಭಾನುವಾರದ ನಂತರ ಸೇಸಪ್ಪಣ್ಣ ಏಳು ತಿಂಗಳು ಬದುಕಿದ್ದರು. ಇವರೂ ಬದುಕಿದ್ದರು.

ಹಮೀದಾಕ ಖರ್ಜೂರದ ಡಬ್ಬಿ ನನ್ನ ಕಡೆ ಸರಿಸಿ ಕೇಳಿದರು: "ಅವ ನನ್ನನ್ನು ವಿಚಾರಿಸಿದ್ನಾ ಟೀಚರೇ?"

"ನಿಮ್ಮ ವಿಷಯ ತುಂಬ ಹೇಳ್ತಿದ್ರು," ಎಂದೆ.

"ಹೇಳುವುದಲ್ಲ. ಹಮೀದ್ ಎಲ್ಲಿದ್ದಾನೆ, ಹೇಗಿದ್ದಾನೆ ಅಂತ ಕೇಳಿದ್ನಾ?"

ಕೇಳಿದ್ದರು ಎಂದರೆ, ಮತ್ತೆ ಯಾಕೆ ಫೋನ್ ಮಾಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ನಾನು. ಕೇಳಿರಲಿಲ್ಲ ಎಂದರೆ ಇವರು ಗೆಳೆಯ ತನ್ನನ್ನು ಮರೆತನೆಂದು ನಂಬಿಯೇ ಉಳಿಯುತ್ತಾರೆ. ನಾನು ಎರಡನ್ನೂ ಹೇಳಲಿಲ್ಲ. "ತುಂಬ ರೆಕಾರ್ಡಿಂಗ್ ಉಂಟು ಹಮೀದಾಕ, ಕೇಳಿ ನೋಡಿ ಹೇಳ್ತೇನೆ," ಎಂದು ಸ್ವೆಟರ್ ಒರೆಸಲು ಒಳಗೆ ಹೋದೆ. ಜೀವನಪೂರ್ತಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆತ್ತ ತೋರಿಸಿದವಳು ಅಡುಗೆಮನೆಯ ಸಿಂಕಿನ ಎದುರು ಹತ್ತು ನಿಮಿಷ ನಿಂತಿದ್ದೆ.

ಅವರು ಹೋದ ಮೇಲೆ ಸುಮಾಳಿಗೆ ವಿಷಯ ಹೇಳಿದೆ. ಅವಳು ಈ ಕಾಲದವಳು. "ಪುಸ್ತಕ ಇನ್ನೂ ಪ್ರಿಂಟ್ ಆಗ್ಲಿಲ್ಲ ಅಲ್ವಾ? ಒಂದು ಶಬ್ದ ಡಿಲೀಟ್ ಮಾಡಿದ್ರೆ ಆಯ್ತು, ಖಲಾಸ್," ಎಂದಳು. ಪುಸ್ತಕದ ಹಮೀದನನ್ನು ಹಾಗೆ ಬದುಕಿಸಬಹುದು. ಸೇಸಪ್ಪಣ್ಣನಿಗೆ ಯಾವ ಗುಂಡಿ ಒತ್ತಿ ತಿಳಿಸಲಿ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ಸೂಕ್ ವಾಕಿಫ್

ಹಮೀದಾಕನ ಮಗನಿಗೆ ಹಮದ್ ಬಂದರಿನಲ್ಲಿ ಕೆಲಸ. ಅಪ್ಪನನ್ನು ಜೊತೆಗಿಟ್ಟುಕೊಂಡಿದ್ದಾನೆ. ಮಗನಿಗೆ ಪಾಳಿ ಇಲ್ಲದ ದಿನ ಅವನ ಕಾರು ಅಪ್ಪನ ಕೈಗೆ ಬರುತ್ತದೆ. ಐದನೆಯ ದಿನ ಆ ಕಾರಿನಲ್ಲಿ ನನ್ನನ್ನು ಸೂಕ್ ವಾಕಿಫಿಗೆ ಕರೆದೊಯ್ದರು.

ಹಳೆಯ ಸಂತೆಯ ಗಲ್ಲಿಗಳು. ಏಲಕ್ಕಿ, ಕೇಸರಿ, ಒಣ ನಿಂಬೆಯ ರಾಶಿ. ನಾನು ಒಣ ನಿಂಬೆಯನ್ನು ಕಂಡು ಹಾಳಾದ ಜಾಯಿಕಾಯಿ ಎಂದು ತಿಳಿದು, ಅಂಗಡಿಯವನಿಗೆ ಹಿಂದಿಯಲ್ಲಿ ಬುದ್ಧಿ ಹೇಳಲು ಹೋದೆ. ಅವನು ಒಂದನ್ನು ಒಡೆದು ಮೂಗಿಗೆ ಹಿಡಿದ. ಶೀತ ಕಟ್ಟಿದ್ದ ಮೂಗು ಆವಾಗ ಬಿಟ್ಟದ್ದು ಮತ್ತೆ ಕಟ್ಟಲಿಲ್ಲ. ಉಪ್ಪಿನಕಾಯಿಗೂ ಹಾಕದೆ ನಿಂಬೆಯನ್ನು ಹೀಗೆ ಕಪ್ಪಾಗುವವರೆಗೆ ಒಣಗಿಸುವವರನ್ನು ನಾನು ಕಂಡದ್ದು ಇದೇ ಮೊದಲು.

ಒಂದು ಗಲ್ಲಿ ಪೂರ್ತಿ ಗಿಡುಗಗಳದ್ದು. ಕಣ್ಣಿಗೆ ಚರ್ಮದ ಟೊಪ್ಪಿ ಹಾಕಿಸಿಕೊಂಡು ಸಾಲಾಗಿ ಕೂತಿದ್ದವು, ಪರೀಕ್ಷೆಯ ದಿನದ ಹತ್ತನೇ ಕ್ಲಾಸಿನ ಹಾಗೆ ಗಪ್‌ಚಿಪ್. ಈ ಹಕ್ಕಿಗಳಿಗೆ ಪಾಸ್‌ಪೋರ್ಟ್ ಇದೆಯೆಂದು ಹಮೀದಾಕ ಹೇಳಿದಾಗ ನಾನು ತಮಾಷೆ ಎಂದುಕೊಂಡೆ. ಅಂಗಡಿಯವರು ನಿಜವಾಗಿಯೂ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು.

"ನೋಡಿ ಟೀಚರೇ, ಹಕ್ಕಿಗೂ ಯಾವ ಜಾತಿ, ಯಾವ ದೇಶ ಅಂತ ಕೇಳಿ ಬರೀತಾರೆ. ನಾವು ಅಂಗಡಿಯಲ್ಲಿ ಮಾಡಿದ್ದೂ ಅದೇ."

ಕಲ್ಲುಕಟ್ಟೆಯ ಮೇಲೆ ಕೂತು ಆ ಕತೆ ಹೇಳಿದರು. ಆಗ ಮೊಬೈಲ್ ಇರಲಿಲ್ಲ. ಗಡಿಯಲ್ಲಿ ಲಾರಿ ನಿಲ್ಲಿಸಿದ ಡ್ರೈವರುಗಳು ಅಂಗಡಿಯಲ್ಲಿ ಕಾಗದ ಬಿಟ್ಟು ಹೋಗುತ್ತಿದ್ದರು. ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಬಿಟ್ಟು ಹೋಗುತ್ತಿದ್ದರು. ಅಂಗಡಿಯ ಟೇಪ್ ರೆಕಾರ್ಡರ್ ಅದಕ್ಕೇ ಇಟ್ಟದ್ದು. ಊರಿನ ಕಡೆ ಹೋಗುವ ಇನ್ನೊಬ್ಬ ಡ್ರೈವರ್ ಬಂದಾಗ ಅದನ್ನು ಕೊಟ್ಟು ಕಳಿಸುವುದು, ಮನೆಯವರ ಉತ್ತರವೂ ಹಾಗೇ ಅಂಗಡಿಗೆ ಬರುವುದು. ಮೊದಮೊದಲು ಹೆಸರು ಮಾತ್ರ ಬರೆದಿಡುತ್ತಿದ್ದರು. ಒಮ್ಮೆ ಮಹಮ್ಮದ್ ಎಂಬವನಿಗೆ ಬಂದ ಕ್ಯಾಸೆಟ್ಟನ್ನು ಬೇರೆ ಮಹಮ್ಮದನಿಗೆ ಕೊಟ್ಟರು. ಅವನು ಟೇಪಿಗೆ ಹಾಕಿದರೆ, ಯಾರೋ ಹೆಂಗಸು ತಾಯಿ ತೀರಿಕೊಂಡ ಸುದ್ದಿ ಹೇಳಿ ಅಳುತ್ತಿದ್ದಾಳೆ. ತನ್ನ ತಾಯಿಯೇ ಎಂದು ತಿಳಿದು ಅವನು ಮಣ್ಣಿನಲ್ಲಿ ಬಿದ್ದು ಹೊರಳಾಡಿದ. ದನಿ ತನ್ನವರದಲ್ಲ ಎಂದು ಅವನಿಗೆ ಹೊಳೆಯಲು ಅರ್ಧ ಗಂಟೆ ಹಿಡಿಯಿತು.

"ಆ ದಿವಸ ನಾನು ಸೇಸಪ್ಪನಿಗೆ ಹೇಳಿದೆ, ಇನ್ನು ಮೂರು ಕೇಳ್ಬೇಕು. ಹೆಸರು, ಅಪ್ಪನ ಹೆಸರು, ಊರು. ಮೂರೂ ಇಲ್ಲದೆ ಯಾರ ಸುದ್ದಿಯೂ ಯಾರಿಗೂ ಕೊಡ್ಲಿಕ್ಕಿಲ್ಲ."

ಆ ನಿಯಮ ಹಮೀದಾಕನದ್ದು. ಸೇಸಪ್ಪಣ್ಣ ಅದನ್ನು ಕೆನಡಾಕ್ಕೆ ಕೊಂಡುಹೋಗಿ ಮೇಯರ್ ಆದರು. ನಾನು ಅದರ ಮೇಲೆ ಹನ್ನೆರಡು ಪುಟದ ಒಂದು ಅಧ್ಯಾಯ ಬರೆದೆ. ಮೂರೂ ಇಲ್ಲದೆ ಸುದ್ದಿ ಕೊಟ್ಟವಳು ಅದೇ ನಾನು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವರೇ ಮಾತು ಮುಂದುವರಿಸಿದರು. "ಕೆನಡಾಕ್ಕೆ ಹೋಗುವಾಗ ಹೇಳಿದ್ದ, ಅಲ್ಲಿ ಮುಟ್ಟಿದ ಕೂಡಲೇ ನಿನಗೊಂದು ಕ್ಯಾಸೆಟ್ ಕಳಿಸ್ತೇನೆ ಅಂತ. ಕಾಗದ ಬಂತು, ಕ್ಯಾಸೆಟ್ ಬರ್ಲೇ ಇಲ್ಲ. ಆಮೇಲೆ ಕಾಗದವೂ ಇಲ್ಲ. ಮೇಯರ್ ಆದ ಮೇಲೆ ಒಮ್ಮೆ ಆಫೀಸಿಗೆ ಫೋನ್ ಮಾಡಿದೆ. ಒಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಇಟ್ಟುಬಿಟ್ಟೆ. ಅವ ತೀರಿಹೋದಾಗ ಇಲ್ಲಿ ನಮ್ಮವರು ಸಭೆ ಮಾಡಿದ್ರು. ನಾನು ಹೋಗ್ಲಿಲ್ಲ ಟೀಚರೇ. ಸಿಟ್ಟು ಬಂದಿತ್ತು. ಕಣ್ಣೀರೂ ಬರ್ಲಿಲ್ಲ. ದೊಡ್ಡ ಜನ ಒಬ್ಬ ಸತ್ತ ಅಂತ ಸುಮ್ಮನಿದ್ದೆ."

ಒಂದು ಬೆಕ್ಕು ಬಂದು ನನ್ನ ಸೀರೆಯ ನೆರಿಗೆಯ ಮೇಲೆ ಮಲಗಿತು. ಅದನ್ನು ಎಬ್ಬಿಸಬಾರದೆಂಬ ನೆಪದಲ್ಲಿ ಬಹಳ ಹೊತ್ತು ಅಲ್ಲೇ ಕೂತೆವು.

ಸಲ್ವಾ ರಸ್ತೆ

ಎಂಟನೆಯ ದಿನ ಗಡಿಗೆ ಹೊರಟೆವು. ಹಿಂದಿನ ಎರಡು ದಿನ ನಾನು ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ಆ ಭಾನುವಾರದ ಹದಿನೇಳನೆಯ ರೆಕಾರ್ಡಿಂಗನ್ನು ಹುಡುಕಿ, ಬಚ್ಚಲುಮನೆಯ ನಲ್ಲಿ ಬಿಟ್ಟು, ಸುಮಾಳಿಗೆ ಕೇಳಿಸದ ಹಾಗೆ ಒಮ್ಮೆ ಕೇಳಿದ್ದೆ. ಕೇಳಿದ ಮೇಲೆ, ಬಾಯಲ್ಲಿ ಹೇಳಿದರೆ ನಾನು ನನಗೆ ಬೇಕಾದ ಹಾಗೆ ಹೇಳುತ್ತೇನೆ, ಆದ್ದರಿಂದ ಇದನ್ನೇ ಕೇಳಿಸಬೇಕು ಎಂದು ನಿಶ್ಚಯ ಮಾಡಿದೆ.

ದೋಹಾ ದಾಟುವ ಮೊದಲು ಹಮೀದಾಕ ಒಂದು ಚಹಾದಂಗಡಿಯ ಎದುರು ಕಾರು ನಿಲ್ಲಿಸಿ ಪೀಂ ಎಂದು ಹಾರ್ನ್ ಹೊಡೆದರು. ಒಳಗಿಂದ ಒಬ್ಬ ಓಡಿ ಬಂದು ಕಿಟಕಿಯಲ್ಲಿ ಆರ್ಡರ್ ತೆಗೆದುಕೊಂಡ. ಇಲ್ಲಿ ಕಾರಿನಿಂದ ಇಳಿದು ಚಹಾ ಕುಡಿಯುವವರು ಕಡಿಮೆ. ಕಾರ್ಕಳದ ಹೋಟೆಲಿನ ಎದುರು ಹೀಗೆ ಹಾರ್ನ್ ಹೊಡೆದರೆ ಮಾಲಕರೇ ಹೊರಗೆ ಬಂದಾರು, ಆದರೆ ಕೈಯಲ್ಲಿ ಚಹಾ ಇರಲಿಕ್ಕಿಲ್ಲ. ಹಾಲು ಕುದಿಸಿ ಕುದಿಸಿ ಕೆಂಪಾದ ಆ ಕರಕ್ ಚಹಾ ಗಂಟಲಿಗೆ ಹಿತವಾಗಿತ್ತು.

ಆಮೇಲೆ ರಸ್ತೆ, ರಸ್ತೆ, ರಸ್ತೆ. ಎರಡೂ ಕಡೆ ಬೂದು ಬಣ್ಣದ ನೆಲ. ಮರುಭೂಮಿಯೆಂದರೆ ಕ್ಯಾಲೆಂಡರಿನ ಹಾಗೆ ಹೊನ್ನಿನ ಬಣ್ಣದ ದಿಬ್ಬಗಳಿರುತ್ತವೆ ಎಂದುಕೊಂಡಿದ್ದೆ. ಇದು ಮನೆ ಕಟ್ಟಲು ಮಟ್ಟಮಾಡಿ ಹಾಗೇ ಬಿಟ್ಟುಹೋದ ಸೈಟಿನ ಹಾಗಿತ್ತು, ಕಣ್ಣು ಮುಟ್ಟುವವರೆಗೂ. ಹಮೀದಾಕನಿಗೆ ಅದರಲ್ಲಿ ಏನೇನೋ ಕಾಣುತ್ತಿತ್ತು. ಇಲ್ಲಿ ಒಮ್ಮೆ ಟಯರ್ ಹೊಡೆಯಿತು, ಇಲ್ಲಿ ಸೇಸಪ್ಪ ಒಂಟೆಗೆ ಹೆದರಿ ವ್ಯಾನಿನ ಮೇಲೆ ಹತ್ತಿದ, ಇಲ್ಲಿ ನಿಂತು ಈದ್ ಹಬ್ಬದ ದಿನ ಇಬ್ಬರೂ ಬಿರಿಯಾನಿ ತಿಂದೆವು. ನನ್ನ ಕಣ್ಣಿಗೆ ಎಲ್ಲ ಕಡೆಯೂ ಒಂದೇ. ಈ ಕತೆಗಳಲ್ಲಿ ಒಂದೂ ನನ್ನ ಪುಸ್ತಕದಲ್ಲಿರಲಿಲ್ಲ.

ಅಬು ಸಮ್ರಾ

ಅಬು ಸಮ್ರಾ ಎಂಬ ಗಡಿಯ ಚೌಕಿ ದೂರದಲ್ಲಿ ಕಾಣುವಷ್ಟಕ್ಕೆ ಹಮೀದಾಕ ಕಾರನ್ನು ಬದಿಗೆ ನಿಲ್ಲಿಸಿದರು. ನಾನು ಫೋನ್ ಎತ್ತಿದೊಡನೆ ಕೈ ಅಡ್ಡ ಹಿಡಿದರು. "ಗಡಿಯ ಹತ್ತಿರ ಫೋಟೋ ಬೇಡ ಟೀಚರೇ, ಮತ್ತೆ ರಗಳೆ." ಅಲ್ಲಿಗೆ ನನ್ನ ಪುಸ್ತಕದ ಮುಖಪುಟ ಹೋಯಿತು.

ಅಂಗಡಿ ಇದ್ದ ಜಾಗದಲ್ಲಿ ಅಂಗಡಿಯ ಗುರುತೂ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಎಂದೋ ಕೆಡವಿದ್ದಾರೆ. ಹಮೀದಾಕ ನೆಲದ ಮೇಲೆ ಹೆಜ್ಜೆ ಎಣಿಸುತ್ತ ನಡೆದರು. "ಇಲ್ಲಿ ಬಾಗಿಲು. ಇಲ್ಲಿ ಫ್ರಿಜ್. ಇಲ್ಲಿ ಹಿಂದೆ ನಾವು ಮಲಗುವುದು, ಅವನದ್ದು ಈ ಗೋಡೆ, ನನ್ನದು ಆ ಗೋಡೆ. ಟೇಪ್ ರೆಕಾರ್ಡರ್ ಇದ್ದದ್ದು ಇಲ್ಲಿ." ಗಾಳಿ ಬೀಸುತ್ತಿತ್ತು. ಅವರು ಕೈಯಿಟ್ಟು ತೋರಿಸಿದ ಕಡೆ ಒಂದು ಪ್ಲಾಸ್ಟಿಕ್ ಬಾಟಲಿ ಉರುಳಾಡುತ್ತಿತ್ತು.

"ಹಮೀದಾಕ," ಎಂದೆ. "ಮೊದಲ ದಿನ ನೀವು ಒಂದು ಮಾತು ಕೇಳಿದ್ರಿ. ಸೇಸಪ್ಪಣ್ಣ ನಿಮ್ಮನ್ನು ವಿಚಾರಿಸಿದ್ರಾ ಅಂತ. ವಿಚಾರಿಸಿದ್ರು. ಹುಡುಕಿ ಕೊಡಿ ಅಂತ ನನಗೇ ಹೇಳಿದ್ರು. ಇದು ಕೇಳಿ."

ಗಾಳಿಯಲ್ಲಿ ಕೇಳಿಸದೆಂದು ಕಾರಿನೊಳಗೆ ಕೂತೆವು. ಎ.ಸಿ. ಆರಿಸಿದರು. ನಾನು ಹದಿನೇಳನೆಯದನ್ನು ಹಾಕಿದೆ.

ಮೊದಲು ಬಂದದ್ದು ನನ್ನ ದನಿ. ಭಾನುವಾರ ಬೆಳಗಿನ, ಇಡ್ಲಿ ತಿಂದು ಕೂತ ದನಿ. "ಸೇಸಪ್ಪಣ್ಣ, ನಿಮ್ಮ ಹಮೀದ್ ವಿಷಯ ವಿಚಾರಿಸಿದೆ. ಅವರು ತೀರಿಹೋಗಿ ಮೂರು ವರ್ಷ ಆಯ್ತಂತೆ. ಪಾಪ. ಆಯ್ತು, ನಾವು ಐದನೇ ಅಧ್ಯಾಯಕ್ಕೆ ಹೋಗುವ."

ಮತ್ತೆ ಸೇಸಪ್ಪಣ್ಣ: "ಅಪ್ಪನ ಹೆಸರು ಕೇಳಿದ್ರಾ ಟೀಚರೇ? ಅದ್ರಾಮನ ಮಗ ಹಮೀದೇ ಅಲ್ವಾ?"

ಮತ್ತೆ ನನ್ನ ದನಿ: "ಹೌದು ಹೌದು, ಅವರೇ."

ಇದನ್ನು ಸುಮಾಳಿಗೂ ಹೇಳಿರಲಿಲ್ಲ, ಈ ಬರಹದಲ್ಲಿ ಇಷ್ಟು ಹೊತ್ತು ನಿಮಗೂ ಹೇಳಿರಲಿಲ್ಲ. ಸೇಸಪ್ಪಣ್ಣ ಕೇಳಿದ್ದರು. ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಐದನೇ ಅಧ್ಯಾಯದ ಆತುರದಲ್ಲಿ, ಇನ್ನೊಮ್ಮೆ ವಿಚಾರಿಸುವ ಸೋಮಾರಿತನದಲ್ಲಿ, ಹೌದು ಹೌದು ಎಂದುಬಿಟ್ಟೆ. ಆ ಎರಡು ಹೌದುಗಳನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಫೋನಿನಲ್ಲಿ ಬರೀ ಮೌನ. ಕೆನಡಾದ ಮನೆಯಲ್ಲಿ ಎಲ್ಲೋ ಹೀಟರ್ ಗುಂಯ್‌ಗುಡುವ ಸದ್ದು. ಒಂದು ಕುರ್ಚಿ ಜರುಗಿದ ಸದ್ದು. ಮತ್ತೆ ಮೌನ. ನಡುವೆ ನನ್ನ ದನಿ ಎರಡು ಸಲ, "ಹಲೋ, ಕೇಳ್ತದಾ? ನೆಟ್‌ವರ್ಕ್ ಹೋಯ್ತಾ?" ನೆಟ್‌ವರ್ಕ್ ಹೋಗಿರಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಸದ್ದು ಸಣ್ಣಗೆ ಕೇಳುತ್ತಿತ್ತು. ಅಂದು ನನಗೆ ಅದು ಕೇಳಿಸಿರಲಿಲ್ಲ, ನಾನು ಕಾಗದ ಮಗುಚುತ್ತಿದ್ದೆ; ಆ ಕಾಗದದ ಸದ್ದೂ ಅದರಲ್ಲಿ ಉಂಟು.

ಕೊನೆಗೆ ಅವರು ಮಾತಾಡಿದರು. "ಅವನಿಗೆ ಒಂದು ಕ್ಯಾಸೆಟ್ ಕಳಿಸ್ಲಿಕ್ಕಿತ್ತು ಟೀಚರೇ. ಮೇಯರ್ ಆದ ಮೇಲೆ ಮಾಡುವ, ರಿಟೈರ್ ಆದ ಮೇಲೆ ಮಾಡುವ ಅಂತ ಹೇಳಿ ಹೇಳಿ ಹಾಗೇ ಹೋಯ್ತು. ಇವತ್ತು ಸಾಕು. ಇನ್ನು ಅಂಗಡಿಯ ಕತೆ ಬೇಡ ನನಗೆ."

ರೆಕಾರ್ಡಿಂಗ್ ಮುಗಿಯಿತು. ಅವರು ನಿಜಕ್ಕೂ ಮತ್ತೆಂದೂ ಅಂಗಡಿಯ ಕತೆ ಹೇಳಲಿಲ್ಲ. ವಯಸ್ಸಾಯಿತು, ಮರೆವು ಶುರುವಾಗಿದೆ ಎಂದು ನಾನು ಅವರ ತಂಗಿಯ ಹತ್ತಿರ ಹೇಳಿದ್ದೆ.

"ತಪ್ಪಾಯ್ತು ಹಮೀದಾಕ," ಎಂದೆ. ಮದುವೆಯ ಊಟ, ಪಕ್ಕದ ಎಲೆ, ಎಲ್ಲ ಹೇಳಿದೆ.

ಅವರು ಗಾಜಿನ ಆಚೆ ನೋಡುತ್ತ, ನನಗಲ್ಲ ಎನ್ನುವ ಹಾಗೆ ಹೇಳಿದರು: "ನಮ್ಮಲ್ಲಿ ಕತಾರ್ ಹಮೀದ್ ಇಬ್ಬರು. ಇನ್ನೊಬ್ಬ ಮೂಸೆಯ ಮಗ. ಅವ ಹೋದ." ಫೋನಿನ ಕಡೆ ಕೈ ತೋರಿಸಿ ಹೇಳಿದರು: "ಅದು ಇನ್ನೊಮ್ಮೆ ಹಾಕಿ."

"ಪೂರ್ತಿಯಾ?"

"ಅವ ಮಾತಾಡದೆ ಇದ್ದದ್ದು."

ಹಾಕಿದೆ. ಮೌನ ಮುಗಿಯುವಾಗ ಬೆರಳಿನಿಂದ ಸನ್ನೆ ಮಾಡಿದರು, ಮತ್ತೆ ಹಾಕಿದೆ. ಮೂರನೆಯ ಸಲ ಅವರ ಭುಜ ನಡುಗಲು ಶುರುವಾಯಿತು. ಆರು ತಿಂಗಳ ಹಿಂದೆ ಬಾರದ ಕಣ್ಣೀರು ಆಗ ಬಂತು. ನಾನು ಕಾರಿನಿಂದ ಇಳಿದು, ಫ್ರಿಜ್ ಇತ್ತು ಎಂದು ಅವರು ತೋರಿಸಿದ್ದ ಜಾಗಕ್ಕೆ ಹೋಗಿ ನಿಂತೆ. ಲಾರಿಗಳು ಹೋಗುತ್ತಿದ್ದವು, ಯಾವುದೂ ನಿಲ್ಲಲಿಲ್ಲ.

ತಿರುಗಿ ಬಂದಾಗ ಅವರು ಮುಖ ತೊಳೆದಿದ್ದರು. "ಯಲ್ಲಾ, ಹೋಗುವ," ಎಂದರು. ದಾರಿಯುದ್ದಕ್ಕೂ ಒಂದು ಕತೆಯನ್ನೂ ಹೇಳಲಿಲ್ಲ. ದೋಹಾ ಹತ್ತಿರ ಬಂದಾಗ ಅದೇ ಚಹಾದಂಗಡಿಯ ಎದುರು ಹಾರ್ನ್ ಹೊಡೆದು ಎರಡು ಚಹಾ ತರಿಸಿ, ಒಂದನ್ನು ನನ್ನ ಕಡೆ ನೋಡದೆ ಕೊಟ್ಟರು. ಮನೆಯ ಎದುರು ಇಳಿಯುವಾಗ ಆ ರೆಕಾರ್ಡಿಂಗ್ ತಮಗೆ ಬೇಕೆಂದರು. ಕಳಿಸಿದೆ.

ಅವರು ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಇದರಿಂದ ನಿಮ್ಮ ದನಿ ತೆಗೀಲಿಕ್ಕೆ ಆಗ್ತದಾ ಟೀಚರೇ? ಅವನದ್ದು ಮಾತ್ರ ಇದ್ರೆ ಸಾಕಿತ್ತು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆಗ್ತದೆ, ಸುಮಾಳ ಗಂಡನಿಗೆ ಗೊತ್ತುಂಟು, ಮಾಡಿಸಿ ಕೊಡ್ತೇನೆ ಎಂದೆ.

ಹೊರಡುವ ದಿನ

ಅವರು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಸೂಟ್‌ಕೇಸ್ ಕೆಳಗಿಳಿಸುವಾಗ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಖರ್ಜೂರದ ಡಬ್ಬಿ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಸೇಸಪ್ಪಣ್ಣನ ತಂಗಿಯ ಹೆಸರು, ಅಪ್ಪನ ಹೆಸರು, ಊರು, ಮೂರನ್ನೂ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿದ್ದರು. ನಾನು ಅದನ್ನು ಅವರೆದುರೇ ಓದಿ ಹೇಳಿದೆ. ಸರಿ ಎಂದು ತಲೆಯಾಡಿಸಿದರು.

ಪುಸ್ತಕದಲ್ಲಿ 'ದಿವಂಗತ' ತೆಗೆದಿದ್ದೇನೆ, ಮೂರು ಪ್ರಶ್ನೆಯ ನಿಯಮ ಯಾರದ್ದೆಂದೂ ಬರೆಯುತ್ತೇನೆ ಎಂದೆ. "ನಿಮ್ಮಿಷ್ಟ," ಎಂದರು. ಅದರಲ್ಲಿ ಅವರಿಗೆ ಅಂಥ ಆಸಕ್ತಿ ಇದ್ದ ಹಾಗೆ ಕಾಣಲಿಲ್ಲ.

ಸುಮಾಳ ಗಂಡ ನನ್ನ ದನಿಯನ್ನೆಲ್ಲ ಕತ್ತರಿಸಿ ಮಾಡಿದ ಹೊಸ ರೆಕಾರ್ಡಿಂಗನ್ನು ಹಿಂದಿನ ದಿನವೇ ಕಳಿಸಿದ್ದೆ. ಸಿಕ್ಕಿತಾ ಎಂದು ಕೇಳಿದೆ.

"ಸಿಕ್ಕಿತು. ಕೇಳಿದೆ," ಎಂದರು. "ಅದು ಬೇಡ ಟೀಚರೇ. ಮೊದಲಿನದ್ದನ್ನೇ ಇಟ್ಟಿದ್ದೇನೆ. ನಿಮ್ಮ ದನಿ ತೆಗೆದ್ರೆ, ಅವ ಯಾಕೆ ಸುಮ್ಮನಾದ ಅಂತ ಗೊತ್ತಾಗುವುದಿಲ್ಲ."

ಎದೆಗೆ ಕೈಯಿಟ್ಟು, ಬಂದ ದಾರಿಯಲ್ಲೇ ಹೊರಟರು. ಹಾಗಾಗಿ ನನ್ನ ಆ "ಹೌದು ಹೌದು, ಅವರೇ" ಹಮೀದಾಕನ ಫೋನಿನಲ್ಲಿ ಹಾಗೆಯೇ ಇದೆ.